ಹಬಸಿ ಅಂದರೇನು? – ತಡವಾಗಿ ಬರೆದ ಒಂದು ಉತ್ತರ



ಆಫ್ರಿಕಾ ಪ್ರವಾಸದ ಬಗ್ಗೆ ಬರೆಯಿರಿ ಎಂದು ನಿಮ್ಮಲ್ಲಿ ಹಲವರು ಕೇಳುತ್ತಲೇ ಇದ್ದೀರಿ. 2024ರ ಫೆಬ್ರವರಿಯಲ್ಲಿ ನಾನು ಮತ್ತು ನಮ್ಮ ಮನೆಯವರು ಕೀನ್ಯಾ ದೇಶದ ರಾಜಧಾನಿ ನೈರೋಬಿಗೆ ಹೋಗಿ, ಮಗಳು-ಅಳಿಯನ ಮನೆಯಲ್ಲಿ ಒಂದು ತಿಂಗಳು ಇದ್ದು ಬಂದೆವು. ಮರಳಿ ಬಂದ ಮೇಲೆ ತಿಕೋಟಾದ ಸಂತೆಯಲ್ಲಿ ಸಿಕ್ಕವರೂ ಬಬಲೇಶ್ವರದ ಮದುವೆಯಲ್ಲಿ ಸಿಕ್ಕವರೂ ಕೇಳಿದ್ದು ಒಂದೇ ಮಾತು: “ಸರ್, ಸಿಂಹ ಕಂಡಿರೇನ್ರಿ?” ಸಿಂಹದ ಸಮಾಚಾರವನ್ನೂ ಹೇಳುತ್ತೇನೆ. ಆದರೆ ಇಂದು ಬರೆಯಹೊರಟಿರುವುದು ಆ ತಿಂಗಳಿನ ಒಂದು ದಿನದ ಬಗ್ಗೆ ಮಾತ್ರ. ಬೆಳಿಗ್ಗೆ ವನ್ಯಧಾಮ, ರಾತ್ರಿ ಹೊರಗೆ ಊಟ. ಹೇಳಿಕೊಳ್ಳುವಂತಹ ಸಾಹಸವೇನೂ ನಡೆಯದ ಆರಾಮದ ದಿನ ಅದು. ಆದರೆ ಆ ರಾತ್ರಿಯ ಊಟದ ಹೊತ್ತಿಗೆ, ಸುಮಾರು ಮೂವತ್ತು ವರ್ಷಗಳ ಹಿಂದೆ ನಾನು ತರಗತಿಯಲ್ಲಿ ಉತ್ತರ ಕೊಡದೆ ಬಿಟ್ಟ ಒಂದು ಪ್ರಶ್ನೆ ಎದುರಿಗೆ ಬಂದು ನಿಂತಿತು.

ನೈರೋಬಿ ಸಮುದ್ರಮಟ್ಟದಿಂದ ಸುಮಾರು 1,700 ಮೀಟರ್ ಎತ್ತರದಲ್ಲಿದೆ. ಆಫ್ರಿಕಾ ಎಂದರೆ ಬೆಂಕಿಯಂತಹ ಬಿಸಿಲು ಎಂದು ತಿಳಿದುಕೊಂಡಿದ್ದ ನಮಗೆ ಅಲ್ಲಿಯ ಮುಂಜಾವಿನಲ್ಲಿ ಶಾಲು ಹೊದೆಯಬೇಕಾಯಿತು. ನಮ್ಮ ವಿಜಯಪುರದ ಏಪ್ರಿಲ್ ತಿಂಗಳನ್ನು ಕಂಡವರಿಗೆ ಅದು ಮಲೆನಾಡೇ ಸರಿ. ಬೆಳಿಗ್ಗೆ ಆರು ಗಂಟೆಗೆ ಅಳಿಯ ಗೊತ್ತುಮಾಡಿದ್ದ ಜೀಪು ಬಂದಿತು. ನಗರದ ನಡುಭಾಗದಿಂದ ಏಳೆಂಟು ಕಿಲೋಮೀಟರು ಹೋಗುವಷ್ಟರಲ್ಲಿ ನೈರೋಬಿ ರಾಷ್ಟ್ರೀಯ ಉದ್ಯಾನದ ಬಾಗಿಲು. 1946ರಲ್ಲಿ ಸ್ಥಾಪನೆಯಾದ ಇದು ಕೀನ್ಯಾದ ಮೊದಲ ರಾಷ್ಟ್ರೀಯ ಉದ್ಯಾನ. ವಿಸ್ತೀರ್ಣ 117 ಚದರ ಕಿಲೋಮೀಟರು. ಮೂರು ಕಡೆ ಬೇಲಿ. ದಕ್ಷಿಣದ ಕಡೆ ಮಾತ್ರ ತೆರವಾಗಿದೆ. ಮಳೆ-ಬೇಸಿಗೆಗಳಿಗೆ ತಕ್ಕಂತೆ ಪ್ರಾಣಿಗಳು ಆ ದಿಕ್ಕಿನಿಂದ ಆಚೆಯ ಬಯಲಿಗೆ ಹೋಗಿಬರಲಿ ಎಂದು ಹಾಗೆ ಬಿಟ್ಟಿದ್ದಾರೆ.

ಒಳಗೆ ಹೋದ ಸ್ವಲ್ಪ ಹೊತ್ತಿಗೆ ಕಂಡ ನೋಟವನ್ನು ನಾನು ಮರೆಯಲಾರೆ. ಹಳದಿ ಹುಲ್ಲಿನ ಬಯಲು, ನಡುನಡುವೆ ಜಾಲಿಯ ಜಾತಿಯ ಮರಗಳು, ಒಂದು ಮರದ ನೆತ್ತಿಯನ್ನು ನೆಮ್ಮದಿಯಿಂದ ಮೇಯುತ್ತಿದ್ದ ಎರಡು ಜಿರಾಫೆಗಳು. ಅವುಗಳ ಹಿಂದೆ, ದಿಗಂತದಲ್ಲಿ, ನಗರದ ಇಪ್ಪತ್ತು ಮೂವತ್ತು ಅಂತಸ್ತಿನ ಕಟ್ಟಡಗಳು! ಜೀಬ್ರಾಗಳು ನಮ್ಮೂರ ಕತ್ತೆಗಳಷ್ಟೇ ನಿರಾತಂಕವಾಗಿ ದಾರಿಯ ನಡುವೆ ನಿಂತಿದ್ದವು. ಕಾಡೆಮ್ಮೆಗಳ ದೊಡ್ಡ ಹಿಂಡು, ಉಷ್ಟ್ರಪಕ್ಷಿಗಳು, ಬಾಲವನ್ನು ಬಾವುಟದಂತೆ ನೆಟ್ಟಗೆ ಎತ್ತಿ ಓಡುವ ಕಾಡುಹಂದಿಗಳು, ಬಗೆಬಗೆಯ ಚಿಗರೆಗಳು. ದೂರದಲ್ಲಿ ಒಂದು ಕಪ್ಪು ಘೇಂಡಾಮೃಗ ತನ್ನ ಮರಿಯೊಡನೆ ಕುರುಚಲು ಕಾಡಿನೊಳಗೆ ಸರಿದುಹೋಯಿತು. ಸಿಂಹವೂ ಕಂಡಿತು. ಒಂದು ಹೆಣ್ಣು ಸಿಂಹ ಪೊದೆಯ ನೆರಳಿನಲ್ಲಿ ಮಲಗಿ, ಒಮ್ಮೆ ತಲೆಯೆತ್ತಿ ನಮ್ಮನ್ನು ನೋಡಿ, ನೋಡುವಂಥದ್ದೇನೂ ಇಲ್ಲವೆಂದು ಮತ್ತೆ ಮಲಗಿತು. ಇಷ್ಟೇ ಸಿಂಹದ ಕಥೆ.

ಚಿರತೆಯ ಬಳಗದ ಚೀತಾ ಮಾತ್ರ ಕಾಣಲಿಲ್ಲ. ಅದನ್ನು ಕಾಣುವ ಆಸೆ ನನಗೆ ಬಹಳವಿತ್ತು. ಕಾರಣ, ಚೀತಾ ನಮ್ಮ ದಖ್ಖನಿನ ಬಯಲಿನಲ್ಲಿಯೂ ಇದ್ದ ಪ್ರಾಣಿ. ಅರಸರು ಅದನ್ನು ಪಳಗಿಸಿ ಕೃಷ್ಣಮೃಗಗಳ ಬೇಟೆಗೆ ಬಿಡುತ್ತಿದ್ದರು. ನಮ್ಮ ನೆರೆಯ ಕೊಲ್ಲಾಪುರ ಸಂಸ್ಥಾನದಲ್ಲಿ ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ಇಲ್ಲಿಯ ಚೀತಾಗಳು ಸಿಗದಂತಾಗಿ, ಬೇಟೆಗಾಗಿ ಆಫ್ರಿಕಾದಿಂದಲೇ ಚೀತಾಗಳನ್ನು ತರಿಸುತ್ತಿದ್ದರು. 1952ರಲ್ಲಿ ಭಾರತದಲ್ಲಿ ಚೀತಾ ಅಳಿದುಹೋಗಿದೆಯೆಂದು ಸರಕಾರ ಘೋಷಿಸಿತು. ಮತ್ತೆ 2022ರ ಸೆಪ್ಟೆಂಬರಿನಲ್ಲಿ ನಮೀಬಿಯಾದಿಂದ ಎಂಟು, 2023ರ ಫೆಬ್ರವರಿಯಲ್ಲಿ ದಕ್ಷಿಣ ಆಫ್ರಿಕಾದಿಂದ ಹನ್ನೆರಡು ಚೀತಾಗಳನ್ನು ಮಧ್ಯಪ್ರದೇಶದ ಕುನೋಗೆ ತಂದು ಬಿಟ್ಟರು. ನಾವು ಕಳೆದುಕೊಂಡದ್ದನ್ನು ಆಫ್ರಿಕಾದಿಂದ ಕೇಳಿ ತರುವುದು ನಮಗೆ ಹೊಸದಲ್ಲ.

ಉದ್ಯಾನದೊಳಗೆ ವಾಹನದಿಂದ ಇಳಿಯುವಂತಿಲ್ಲ. ಕೆಲವು ಗೊತ್ತಾದ ಸ್ಥಳಗಳಲ್ಲಿ ಮಾತ್ರ ಇಳಿದು ಬುತ್ತಿ ಬಿಚ್ಚಬಹುದು. ಅಂತಹ ಒಂದು ಸ್ಥಳ 1989ರ ಜುಲೈ ತಿಂಗಳಲ್ಲಿ ಅಧ್ಯಕ್ಷ ಡೇನಿಯಲ್ ಅರಪ್ ಮೋಯ್ ಅವರು ಕಳ್ಳಬೇಟೆಗಾರರಿಂದ ವಶಪಡಿಸಿಕೊಂಡ 12 ಟನ್ ಆನೆದಂತಕ್ಕೆ ಬೆಂಕಿಯಿಟ್ಟ ಜಾಗ. ಮಾರಿದ್ದರೆ ಬಡ ದೇಶಕ್ಕೆ ಕೋಟಿಗಟ್ಟಲೆ ಹಣ ಬರುತ್ತಿತ್ತು. ದಂತಕ್ಕೆ ಬೆಲೆ ಇರುವವರೆಗೆ ಆನೆಗೆ ಉಳಿಗಾಲವಿಲ್ಲ ಎಂದು ಜಗತ್ತಿಗೆ ತಿಳಿಸಲು ಸುಟ್ಟರು. 2016ರಲ್ಲಿ ಇದೇ ಉದ್ಯಾನದಲ್ಲಿ 105 ಟನ್ ದಂತವನ್ನು ಸುಟ್ಟರು. ಇತಿಹಾಸದ ಮಾಸ್ತರನಿಗೆ ಅಲ್ಲಿ ಇನ್ನೊಂದು ನೆನಪೂ ಬಂದಿತು. ಹಿಂದಿನ ಕಾಲದಲ್ಲಿ ಆಫ್ರಿಕಾದ ಪೂರ್ವ ತೀರದಿಂದ ಅರಬ್ಬರ ಹಡಗುಗಳಲ್ಲಿ ದಂತದ ಜೊತೆಗೆ ಮನುಷ್ಯರನ್ನೂ ತುಂಬಿ ಮಾರುತ್ತಿದ್ದರು. ಅವರಲ್ಲಿ ಎಷ್ಟೋ ಜನ ಬಂದು ಸೇರಿದ್ದು ನಮ್ಮ ದಖ್ಖನಿಗೆ.

ಅಲ್ಲಿಯೇ ಮರದ ನೆರಳಿನಲ್ಲಿ ಕುಳಿತು ಬುತ್ತಿ ಬಿಚ್ಚಿದೆವು. ನಮ್ಮ ಮನೆಯವರು ವಿಜಯಪುರದಿಂದ ಹೊರುವಾಗಲೇ ಖಡಕ್ ರೊಟ್ಟಿ, ಗುರೆಳ್ಳು ಚಟ್ನಿ, ಶೇಂಗಾ ಚಟ್ನಿಗಳನ್ನು ಡಬ್ಬಿಗಳಲ್ಲಿ ತುಂಬಿಕೊಂಡಿದ್ದರು. ಜೀಪಿನ ಚಾಲಕನಿಗೂ ಒಂದು ರೊಟ್ಟಿ ಕೊಟ್ಟರು. ಅವನು ಮುರಿದು ಬಾಯಿಗೆ ಹಾಕಿಕೊಂಡು, ಸ್ವಲ್ಪ ಹೊತ್ತು ಅಗಿದು, “ಮ್ತಾಮಾ?” ಎಂದ. ಮಗಳು ವಿವರಿಸಿದಳು. ಸ್ವಾಹಿಲಿ ಭಾಷೆಯಲ್ಲಿ ಜೋಳಕ್ಕೆ ಮ್ತಾಮಾ ಎನ್ನುತ್ತಾರಂತೆ. ತನ್ನ ಅಜ್ಜಿ ಅದರಿಂದ ಅಂಬಲಿ ಕಾಸುತ್ತಿದ್ದಳೆಂದು ಅವನು ಹೇಳಿದ. “ಅಲ್ರೀ, ನಮ್ಮ ಜೋಳ ಇಲ್ಲಿತನಕಾ ಬಂದೈತೇನು?” ಎಂದು ನಮ್ಮ ಮನೆಯವರು ಬೆರಗಾದರು. “ಇಲ್ಲಿಂದ ಬಂದಿದ್ದನ್ನ ನೀ ಹೊಳ್ಳಿ ತಂದಿ” ಎಂದೆ. ಆ ಮಾತನ್ನು ಮುಂದೆ ವಿವರಿಸುತ್ತೇನೆ.

ಹಿಂತಿರುಗುವಾಗ ಉದ್ಯಾನದ ಮೇಲೆ ಹಾದುಹೋಗಿರುವ ಎತ್ತರದ ರೈಲು ಸೇತುವೆ ಕಂಡಿತು. ಮೇಲೆ ರೈಲು, ಕೆಳಗೆ ಜಿರಾಫೆ. ಇದು ಇತ್ತೀಚಿನ ಹೊಸ ಮಾರ್ಗ. ಹಳೆಯ ಮಾರ್ಗದ ಕಥೆ ನಮಗೆ ಸಂಬಂಧಿಸಿದ್ದು. ಬ್ರಿಟಿಷರು 1896ರಲ್ಲಿ ಮೊಂಬಾಸಾ ಬಂದರಿನಿಂದ ರೈಲು ಹಾಸಲು ಆರಂಭಿಸಿ 1901ರಲ್ಲಿ ವಿಕ್ಟೋರಿಯಾ ಸರೋವರ ಮುಟ್ಟಿದರು. ಅದಕ್ಕಾಗಿ ಭಾರತದಿಂದ, ಹೆಚ್ಚಾಗಿ ಪಂಜಾಬಿನಿಂದ, ಸುಮಾರು 32,000 ಕೂಲಿಗಳನ್ನು ಕರಾರಿನ ಮೇಲೆ ಒಯ್ದರು. ಸುಮಾರು 2,500 ಜನ ರೋಗ, ಅಪಘಾತ, ಸಿಂಹಗಳ ಬಾಯಿಗೆ ಬಲಿಯಾದರು. ನೈರೋಬಿ ಹುಟ್ಟಿದ್ದೇ 1899ರಲ್ಲಿ, ಆ ರೈಲಿನ ಒಂದು ತಂಗುದಾಣವಾಗಿ. ಅಲ್ಲಿ ಉಳಿದ ಭಾರತೀಯರ ಮೊಮ್ಮಕ್ಕಳನ್ನು 2017ರಲ್ಲಿ ಕೀನ್ಯಾ ಸರಕಾರ ತನ್ನ ನಾಡಿನ 44ನೆಯ ಬುಡಕಟ್ಟು ಎಂದು ಮಾನ್ಯ ಮಾಡಿತು. ನಮ್ಮವರನ್ನು ಅವರು ತಮ್ಮವರೆಂದು ಬರೆದುಕೊಂಡರು. ನಮ್ಮಲ್ಲಿಗೆ ಬಂದ ಅವರವರನ್ನು ನಾವು ಏನೆಂದು ಬರೆದುಕೊಂಡೆವು? ಆ ಹೊತ್ತಿನಲ್ಲಿ ನನಗೆ ಈ ಪ್ರಶ್ನೆ ಹೊಳೆಯಲಿಲ್ಲ. ಹೊಳೆದದ್ದು ರಾತ್ರಿ.

ಸಂಜೆ ವಿಶ್ರಾಂತಿ ತೆಗೆದುಕೊಂಡು ಹೊರಗೆ ಊಟಕ್ಕೆ ಹೊರಟೆವು. ನಾವು ಮಾಂಸ ಮುಟ್ಟುವವರಲ್ಲವಾದ್ದರಿಂದ ಅಳಿಯ ಒಂದು ಇಥಿಯೋಪಿಯಾದವರ ಹೋಟೆಲಿಗೆ ಕರೆದೊಯ್ದ. ಅಲ್ಲಿಯ ಸಾಂಪ್ರದಾಯಿಕ ಕ್ರೈಸ್ತರು ಬುಧವಾರ ಮತ್ತು ಶುಕ್ರವಾರ ಉಪವಾಸ ಮಾಡುತ್ತಾರೆ. ಅಂದು ಮಾಂಸ, ಹಾಲು, ತುಪ್ಪ ಯಾವುದೂ ಇಲ್ಲ. ಆದ್ದರಿಂದ ಅವರ ಅಡುಗೆಯಲ್ಲಿ ಕಾಯಿಪಲ್ಯೆ-ಬೇಳೆಗಳ ಪದಾರ್ಥಗಳು ಬಹಳ. ಹುಲ್ಲಿನಿಂದ ಹೆಣೆದ ಎತ್ತರದ ಬುಟ್ಟಿಯೇ ಮೇಜು. ಅದರ ಮೇಲೆ ಒಂದೇ ದೊಡ್ಡ ಹರಿವಾಣ. ಹರಿವಾಣದ ತುಂಬ ಇಂಜೆರಾ ಎಂಬ ಹುಳಿ ಹಿಟ್ಟಿನ ದೋಸೆ. ಟೆಫ್ ಎಂಬ, ಗಸಗಸೆಯಷ್ಟು ಸಣ್ಣ ಕಾಳಿನದು. ದೋಸೆಯ ಮೇಲೆಯೇ ಸುತ್ತಲೂ ಪಲ್ಯಗಳು: ಕೆಂಪು ಮಸೂರ ಬೇಳೆ, ಸೊಪ್ಪು, ಕೋಸು. ನಡುವೆ ಶಿರೋ ಎಂಬ ಕೆಂಪು ಮುದ್ದೆಯಂತಹ ಪದಾರ್ಥ. ಎಲ್ಲರೂ ಒಂದೇ ಹರಿವಾಣದಿಂದ, ಬಲಗೈಯಿಂದ, ದೋಸೆ ಹರಿದು ಉಣ್ಣಬೇಕು. ನಮ್ಮ ಮನೆಯವರು ಶಿರೋವನ್ನು ಒಂದು ತುತ್ತು ಬಾಯಿಗಿಟ್ಟು, “ಇದು ಝುಣಕಾನ ಐತಲ್ರೀ!” ಎಂದು ನಕ್ಕರು. ಹೌದು, ಕಡಲೆ ಹಿಟ್ಟಿನದೇ. ಖಾರವೂ ನಮ್ಮ ಕಡೆಯ ಖಾರವೇ.

ಊಟ ಬಡಿಸಿದ ಹುಡುಗಿಗೆ ಇಪ್ಪತ್ತೈದರ ವಯಸ್ಸಿರಬಹುದು. ಊಟವಾದ ಮೇಲೆ ನಮ್ಮೆದುರಿಗೇ ಹಸಿ ಕಾಫಿ ಬೀಜ ಹುರಿದು, ಕುಟ್ಟಿ, ಕರಿ ಮಣ್ಣಿನ ಕೂಜೆಯಲ್ಲಿ ಕುದಿಸಿ, ಸಣ್ಣ ಬಟ್ಟಲುಗಳಿಗೆ ಹುಯ್ದಳು. ನೀನು ಕೀನ್ಯಾದವಳೇ ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಅವಳು ಬೆನ್ನು ನೆಟ್ಟಗೆ ಮಾಡಿ, ನಗುತ್ತ, “ಅಲ್ಲ, ನಾನು ಹಬೆಶಾ” ಎಂದಳು. ನನಗೆ ಸರಿಯಾಗಿ ಕೇಳಿಸಿತೋ ಇಲ್ಲವೋ ಎಂದು ಮತ್ತೆ ಕೇಳಿದೆ. “ಹಬೆಶಾ. ಇಥಿಯೋಪಿಯಾದ ನಾವು ನಮ್ಮನ್ನು ಹಾಗೆ ಕರೆದುಕೊಳ್ಳುತ್ತೇವೆ.”

ನನ್ನ ಕೈಯಲ್ಲಿದ್ದ ಬಟ್ಟಲು ಹಾಗೆಯೇ ನಿಂತಿತು. “ಅಪ್ಪಾ, ಏನ್ ವಿಚಾರ ಮಾಡಾಕತ್ತೀರಿ?” ಎಂದು ಮಗಳು ಕೇಳಿದಳು. ಏನೂ ಇಲ್ಲ ಎಂದೆ. ಅವಳಿಗೆ ಅಂದು ಹೇಳದ್ದನ್ನು ಇಂದು ನಿಮ್ಮೆಲ್ಲರಿಗೂ ಹೇಳುತ್ತೇನೆ.

1992-93ರ ಸುಮಾರಿನ ಮಾತು. ನಾನು ಆಗ ಕಲಿಸುತ್ತಿದ್ದ ಶಾಲೆಯ ಎಂಟನೆಯ ತರಗತಿಯಲ್ಲಿ ಡೋಣಿ ನದಿಯ ದಂಡೆಯ ಹಳ್ಳಿಯಿಂದ ಬರುತ್ತಿದ್ದ ಒಬ್ಬ ಹುಡುಗನಿದ್ದ. ಹೆಸರು ಬರೆಯುವುದಿಲ್ಲ. ಬಹಳ ಕಪ್ಪು ಬಣ್ಣ, ಗುಂಗುರು ಕೂದಲು, ಓದಿನಲ್ಲಿ ಚುರುಕು. ಹುಡುಗರು ಅವನನ್ನು “ಹಬಸಿ” ಎಂದು ಕರೆಯುತ್ತಿದ್ದರು. ಅದು ನನ್ನ ಕಿವಿಗೂ ಬೀಳುತ್ತಿತ್ತು. ಹುಡುಗಾಟಿಕೆ ಎಂದು ಸುಮ್ಮನಿದ್ದೆ. ಅಂದು ಆದಿಲಶಾಹಿಗಳ ಪಾಠ. ಗೋಲಗುಂಬಜದ ಗುಮ್ಮಟದ ವ್ಯಾಸ ಎಷ್ಟು, ಪಿಸುಗುಟ್ಟುವ ಗ್ಯಾಲರಿಯಲ್ಲಿ ಎಷ್ಟು ಸಲ ಪ್ರತಿಧ್ವನಿ ಬರುತ್ತದೆ, ಎಲ್ಲ ಹೇಳಿ ಮುಗಿಸಿ, ಯಾರಿಗಾದರೂ ಸಂಶಯವಿದೆಯೇ ಎಂದೆ. ಅವನು ಎದ್ದು ನಿಂತು ಕೇಳಿದ: “ಸರ್, ಹಬಸಿ ಅಂದ್ರ ಏನ್ರಿ?”

ಅವನ ಮುಖದಲ್ಲಿ ತಮಾಷೆ ಇರಲಿಲ್ಲ. ಪುಸ್ತಕದಲ್ಲಿ ಎಲ್ಲಿಯೋ ಆ ಶಬ್ದವನ್ನು ಓದಿದ್ದನೋ, ತನ್ನನ್ನು ಯಾಕೆ ಹಾಗೆ ಕರೆಯುತ್ತಾರೆಂದು ತಿಳಿಯಬೇಕಿತ್ತೋ. ನಾನು ಏನು ಹೇಳಿದೆ ಗೊತ್ತೇ? “ಮನೀಗ್ ಹೋಗಿ ಕನ್ನಡಿ ನೋಡ್ಕೋ, ಗೊತ್ತಾಗ್ತೈತಿ” ಎಂದೆ. ಇಡೀ ತರಗತಿ ನಕ್ಕಿತು. ನಾನೂ ನಕ್ಕೆ. ಅವನು ಕುಳಿತುಕೊಂಡ. ಅಂದಿನಿಂದ ಅವನು ನನ್ನ ತರಗತಿಯಲ್ಲಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಮರುವರ್ಷ ಶಾಲೆಗೂ ಬರಲಿಲ್ಲ. ತಂದೆ-ತಾಯಿಗಳ ಜೊತೆ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋದನೆಂದು ಕೇಳಿದೆ. ಅವನು ಶಾಲೆ ಬಿಡಲು ನನ್ನ ಮಾತೇ ಕಾರಣ ಎಂದು ಹೇಳಲಾರೆ; ಅಲ್ಲ ಎಂದು ಹೇಳುವ ಧೈರ್ಯವೂ ನನಗಿಲ್ಲ. ಬಿ.ಎಡ್. ಓದುವಾಗ ಮಗುವಿನ ಪ್ರಶ್ನೆಯನ್ನು ಹೇಗೆ ಗೌರವಿಸಬೇಕೆಂದು ಪುಟಗಟ್ಟಲೆ ಬರೆದು ಒಳ್ಳೆಯ ಅಂಕ ಪಡೆದವನು ನಾನು.

ಅಂದು ಅವನಿಗೆ ಕೊಡಬೇಕಾಗಿದ್ದ ಉತ್ತರವನ್ನು ಈಗ ಕ್ರಮವಾಗಿ ಬರೆಯುತ್ತೇನೆ.

ಇಥಿಯೋಪಿಯಾ ಮತ್ತು ಅದರ ಸುತ್ತಣ ನಾಡಿಗೆ ಅರಬ್ಬೀ ಭಾಷೆಯಲ್ಲಿ ‘ಹಬಶ್’ ಎಂದು ಹೆಸರು. ಯುರೋಪಿನವರ ಬಾಯಲ್ಲಿ ಅದೇ ಅಬಿಸೀನಿಯಾ ಆಯಿತು. ಅಲ್ಲಿಂದ ಬಂದವನು ಹಬ್ಶಿ. ನಿಜ ಹೇಳಬೇಕೆಂದರೆ, ಗುಲಾಮರಾಗಿ ಮಾರಾಟವಾದವರಲ್ಲಿ ಎಲ್ಲರೂ ತಮ್ಮನ್ನು ಹಬೆಶಾ ಎಂದು ಕರೆದುಕೊಳ್ಳುವ ಆ ಎತ್ತರದ ನಾಡಿನ ಕ್ರೈಸ್ತರಲ್ಲ. ದಕ್ಷಿಣದ ಬೇರೆ ಬೇರೆ ಜನಾಂಗಗಳ ಮಕ್ಕಳನ್ನು ದಾಳಿಯಲ್ಲಿ ಹಿಡಿದು ತಂದು ಮಾರುತ್ತಿದ್ದರು. ಆ ಕಡೆಯಿಂದ ಬಂದ ಎಲ್ಲರಿಗೂ ವ್ಯಾಪಾರಿಗಳು ಹಬ್ಶಿ ಎಂಬ ಒಂದೇ ಹೆಸರಿಟ್ಟರು. ಸಿದ್ದಿ ಎಂಬ ಇನ್ನೊಂದು ಹೆಸರು ‘ನನ್ನ ಒಡೆಯ’ ಎಂಬ ಅರ್ಥದ ಅರಬ್ಬೀ ಶಬ್ದ ‘ಸಯ್ಯಿದಿ’ಯಿಂದ ಬಂದಿರಬೇಕೆಂದು ವಿದ್ವಾಂಸರು ಹೇಳುತ್ತಾರೆ.

ದಖ್ಖನಿನ ಸುಲ್ತಾನರಿಗೆ ಬೇಕಾಗಿದ್ದುದು ಹೊಲದ ಆಳುಗಳಲ್ಲ, ನಂಬಿಕೆಯ ಯೋಧರು. ಬಂಧು-ಬಳಗವಿಲ್ಲದ ಹುಡುಗ ಒಡೆಯನಿಗೆ ನಿಷ್ಠನಾಗಿರುತ್ತಾನೆ ಎಂಬ ಲೆಕ್ಕ. ಅವರಿಗೆ ಕುದುರೆ ಸವಾರಿ, ಕತ್ತಿವರಸೆ ಕಲಿಸುತ್ತಿದ್ದರು. ಒಡೆಯ ಸತ್ತ ಮೇಲೆ ಹಲವರು ಸ್ವತಂತ್ರರಾಗಿ ಸ್ವಂತ ಪಡೆ ಕಟ್ಟುತ್ತಿದ್ದರು, ಜಹಗೀರು ಪಡೆಯುತ್ತಿದ್ದರು. ಹೀಗೆಂದು ಆ ಪದ್ಧತಿಯನ್ನು ಹೊಗಳುವಂತಿಲ್ಲ. ಪ್ರತಿಯೊಬ್ಬ ಹಬ್ಶಿ ಸರದಾರನ ಹಿಂದೆ ತಾಯಿಯಿಂದ ಕಿತ್ತುಕೊಂಡು ತಂದ ಒಂದು ಮಗುವಿದೆ. ತಂದೆ-ತಾಯಿ ಇಟ್ಟ ಹೆಸರೂ ಅಳಿಸಿಹೋಗುತ್ತಿತ್ತು. ಕೊಂಡವರು ಅವರಿಗೆ ಸುಗಂಧ-ರತ್ನಗಳ ಹೆಸರಿಡುತ್ತಿದ್ದರು: ಅಂಬರ್, ಸಂದಲ್ ಅಂದರೆ ಶ್ರೀಗಂಧ, ರೈಹಾನ್ ಅಂದರೆ ತುಳಸಿಯಂತಹ ಸುವಾಸನೆಯ ಗಿಡ, ಯಾಕೂತ್ ಅಂದರೆ ಮಾಣಿಕ್ಯ.

ಈಗ ವಿಜಯಪುರಕ್ಕೆ ಬರೋಣ. 1580ರಲ್ಲಿ ಒಂಬತ್ತು ವರ್ಷದ ಬಾಲಕ ಎರಡನೆಯ ಇಬ್ರಾಹಿಂ ಆದಿಲಶಾಹ ಪಟ್ಟಕ್ಕೆ ಬಂದಾಗ, ಚಾಂದಬೀಬಿಯ ಹೆಸರನ್ನು ನಾವೆಲ್ಲ ಓದುತ್ತೇವೆ. ಆದರೆ ಒಳಜಗಳಗಳು ಮುಗಿದ ಮೇಲೆ 1582ರಿಂದ 1590ರವರೆಗೆ ರಾಜ್ಯದ ಸೂತ್ರ ಹಿಡಿದವನು ದಿಲಾವರ ಖಾನ ಎಂಬ ಹಬ್ಶಿ. ಇದೇ ಇಬ್ರಾಹಿಮನ ಸಮಾಧಿಯೇ ಇಬ್ರಾಹಿಂ ರೋಜಾ. ಅದನ್ನು ಕಟ್ಟಿಸಿದವನ ಹೆಸರು ಅಲ್ಲಿಯ ಶಿಲಾಲೇಖದಲ್ಲಿಯೇ ಇದೆ: ಮಲಿಕ್ ಸಂದಲ್. ಹೆಸರೇ ಸೂಚಿಸುವಂತೆ ಅವನು ಹಬ್ಶಿಯಾಗಿರಬೇಕೆಂದು ಹಲವು ಇತಿಹಾಸಕಾರರ ಅಭಿಪ್ರಾಯ. ಒಳಗಿನ ಕೋಣೆಯಲ್ಲಿ ಕಂಬಗಳ ಆಸರೆಯಿಲ್ಲದೆ ಚಪ್ಪಟೆಯಾಗಿ ನಿಂತಿರುವ ಕಲ್ಲಿನ ಮಾಳಿಗೆಯನ್ನು ನಾನು ಪ್ರತಿವರ್ಷ ನಿಮಗೆ ತೋರಿಸುತ್ತಿದ್ದೆ. “ನೋಡ್ರಿ, ಹೆಂಗ ನಿಂತೈತಿ!” ಎನ್ನುತ್ತಿದ್ದೆ. ನಿಲ್ಲಿಸಿದವನು ಯಾರೆಂದು ಒಮ್ಮೆಯೂ ಹೇಳಲಿಲ್ಲ. ಜಾಮಿಯಾ ಮಸೀದಿಯ ಪಶ್ಚಿಮ ಗೋಡೆಯ ಚಿನ್ನದ ಬಣ್ಣದ ಅಲಂಕಾರ 1636ರಲ್ಲಿ ಮಹಮ್ಮದ ಆದಿಲಶಾಹನ ಕಾಲದ್ದು. ಅದನ್ನು ಮಾಡಿಸಿದವನೆಂದು ಅಲ್ಲಿ ಬರೆದಿರುವ ಹೆಸರು ಯಾಕೂತ್ ದಾಬೂಲಿ. ಮೇಲೆ ಹೇಳಿದ ಹೆಸರುಗಳ ಪಟ್ಟಿಯನ್ನು ನೆನಪಿಸಿಕೊಳ್ಳಿ.

ಗೋಲಗುಂಬಜದಲ್ಲಿ ಮಲಗಿರುವ ಆ ಮಹಮ್ಮದ ಆದಿಲಶಾಹನ ಆಡಳಿತದಲ್ಲಿ ಸುಲ್ತಾನನ ನಂತರದ ಸ್ಥಾನಕ್ಕೇರಿದವನು ಇಖ್ಲಾಸ್ ಖಾನ. ಅವನ ಮೊದಲಿನ ಹೆಸರು ಮಲಿಕ್ ರೈಹಾನ್, ಹಬ್ಶಿ. ಸುಮಾರು 1645ರಲ್ಲಿ ಹೈದರ್ ಅಲಿ ಮತ್ತು ಇಬ್ರಾಹಿಂ ಖಾನ್ ಎಂಬ ಚಿತ್ರಕಾರರು ಬರೆದ ಒಂದು ಪ್ರಸಿದ್ಧ ಚಿತ್ರವಿದೆ. ಸುಲ್ತಾನ ಆನೆಯ ಮೇಲೆ ಕುಳಿತಿದ್ದಾನೆ. ಅದೇ ಆನೆಯ ಮೇಲೆ ಅವನ ಹಿಂದೆ ಇಖ್ಲಾಸ್ ಖಾನ. ಚಿತ್ರಕಾರರು ಅವನ ಕಪ್ಪು ಬಣ್ಣವನ್ನು ಮರೆಮಾಚಿಲ್ಲ, ಗೇಲಿಯನ್ನೂ ಮಾಡಿಲ್ಲ. ಘನತೆಯಿಂದ ಬರೆದಿದ್ದಾರೆ. ಆ ಹುಡುಗನಿಗೆ ಕನ್ನಡಿ ನೋಡಿಕೋ ಎನ್ನುವ ಬದಲು ಈ ಚಿತ್ರ ನೋಡು ಎನ್ನಬೇಕಿತ್ತು.

1660ರಲ್ಲಿ ಪನ್ಹಾಳ ಕೋಟೆಯಲ್ಲಿ ಶಿವಾಜಿ ಮಹಾರಾಜರನ್ನು ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ಕುಳಿತ ವಿಜಯಪುರದ ಸೇನಾಪತಿ ಸಿದ್ದಿ ಜೌಹರ್. ಕೊನೆಯ ಸುಲ್ತಾನ ಸಿಕಂದರನ ಬಾಲ್ಯದಲ್ಲಿ, 1678ರಿಂದ 1683ರವರೆಗೆ ಕುಸಿಯುತ್ತಿದ್ದ ರಾಜ್ಯವನ್ನು ನಡೆಸಲು ಹೆಣಗಿದವನು ಸಿದ್ದಿ ಮಸೂದ್. ಅವನು ಅಧಿಕಾರ ಬಿಟ್ಟು ಆದವಾನಿಗೆ ಹೋದ ಮೂರು ವರ್ಷಕ್ಕೆ, 1686ರಲ್ಲಿ, ಔರಂಗಜೇಬ ವಿಜಯಪುರವನ್ನು ಗೆದ್ದ. ಇವರೆಲ್ಲ ಸಾಧುಗಳೆಂದು ನಾನು ಹೇಳುವುದಿಲ್ಲ. ಆ ಕಾಲದ ಎಲ್ಲ ಸರದಾರರಂತೆ ಅಧಿಕಾರಕ್ಕಾಗಿ ಹೊಡೆದಾಡಿದವರು, ಒಳಸಂಚು ಮಾಡಿದವರು. ಆದರೆ ಅವರನ್ನು ಬಿಟ್ಟು ವಿಜಯಪುರದ ಇತಿಹಾಸವನ್ನು ಹೇಳಲು ಬರುವುದಿಲ್ಲ. ನಾನು ಮೂವತ್ತು ವರ್ಷಕ್ಕೂ ಮಿಕ್ಕಿ ಹೇಳಿದೆ!

ಎಲ್ಲರಿಗಿಂತ ದೊಡ್ಡವನು ಮಲಿಕ್ ಅಂಬರ್. ಸುಮಾರು 1548ರಲ್ಲಿ ಇಥಿಯೋಪಿಯಾದಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಮಾರಾಟವಾಗಿ, ಅರಬಸ್ತಾನ, ಬಾಗ್ದಾದುಗಳನ್ನು ದಾಟಿ ಅಹಮದನಗರದ ಮಂತ್ರಿ ಚಂಗೀಜ್ ಖಾನನ ಮನೆ ಸೇರಿದವನು. ಆ ಚಂಗೀಜ್ ಖಾನನೂ ಹಬ್ಶಿಯೇ. ಒಡೆಯ ಸತ್ತ ಮೇಲೆ ಅಂಬರ್ ಕೆಲಕಾಲ ನಮ್ಮ ವಿಜಯಪುರದ ಸೇವೆಯಲ್ಲಿಯೂ ಇದ್ದ. ಮತ್ತೆ ಅಹಮದನಗರಕ್ಕೆ ಹೋಗಿ, ಸ್ವಂತ ಪಡೆ ಕಟ್ಟಿ, 1626ರಲ್ಲಿ ಸಾಯುವವರೆಗೆ ಮೊಗಲರು ದಖ್ಖನನ್ನು ನುಂಗದಂತೆ ತಡೆದ. 1624ರ ಭಾತವಾಡಿ ಕಾಳಗದಲ್ಲಿ ಮೊಗಲರ ಮತ್ತು ವಿಜಯಪುರದ ಕೂಡು ಸೈನ್ಯವನ್ನು ಸೋಲಿಸಿದ. ಆ ಬಿಸಿಯಲ್ಲಿಯೇ ಇಲ್ಲಿಗೂ ನುಗ್ಗಿ ಇಬ್ರಾಹಿಮನ ಹೊಸ ನಗರ ನವರಸಪುರವನ್ನು ಹಾಳುಗೆಡವಿದ. ತಿಕೋಟಾದಿಂದ ವಿಜಯಪುರಕ್ಕೆ ಬಸ್ಸಿನಲ್ಲಿ ಬರುವವರು ತೊರವಿಯ ಹತ್ತಿರ ಕಾಣುವ ಪಾಳು ಗೋಡೆಗಳನ್ನು ನೋಡಿದ್ದೀರಿ, ಅದೇ ನವರಸಪುರ. ಇಥಿಯೋಪಿಯಾದಲ್ಲಿ ಮಾರಾಟವಾದ ಒಬ್ಬ ಹುಡುಗನ ಕೈಗುರುತು ನಿಮ್ಮ ದಿನನಿತ್ಯದ ದಾರಿಯಲ್ಲಿದೆ.

ಅಂಬರನನ್ನು ಗೆಲ್ಲಲಾರದ ಜಹಾಂಗೀರ ಬಾದಶಹ ಏನು ಮಾಡಿದ? ತನ್ನ ಆತ್ಮಕಥೆಯಲ್ಲಿ ಅವನ ಕಪ್ಪು ಬಣ್ಣವನ್ನು ಹಿಡಿದು ಬೈದ. ಈಟಿಯ ತುದಿಗೆ ಸಿಕ್ಕಿಸಿದ ಅಂಬರನ ತಲೆಗೆ ತಾನು ಬಾಣ ಬಿಡುತ್ತಿರುವಂತೆ ಚಿತ್ರ ಬರೆಸಿಕೊಂಡ. ಅಂಬರ್ ಮಾತ್ರ ಮುಪ್ಪಾಗಿ ಸಹಜ ಮರಣ ಹೊಂದಿದ. ಈ ಪ್ರಸಂಗವನ್ನು ಮೊದಲ ಸಲ ಓದಿದಾಗ ನಾನು ನಕ್ಕಿದ್ದೆ. ಈಗ ನಗು ಬರುವುದಿಲ್ಲ. ಉತ್ತರ ಕೊಡಲಾಗದಾಗ ಬಣ್ಣ ಹಿಡಿದು ಆಡಿಕೊಳ್ಳುವ ಕೆಲಸವನ್ನು ನಾನೂ ಮಾಡಿದ್ದೇನೆ. ಅವನು ಬಾದಶಹ, ನಾನು ಮಾಸ್ತರ, ಇಷ್ಟೇ ವ್ಯತ್ಯಾಸ.

ಇನ್ನು ಬುತ್ತಿಯ ವಿಷಯ. ‘ಡೋಣಿ ಹರಿದರೆ ಓಣಿಯೆಲ್ಲಾ ಜೋಳ’ ಎಂಬ ಗಾದೆಯನ್ನು ಹೆಮ್ಮೆಯಿಂದ ಹೇಳುವ ನಾಡು ನಮ್ಮದು. ಆ ಜೋಳದ ತವರು ಆಫ್ರಿಕಾ. ಪೂರ್ವ ಸುಡಾನಿನಲ್ಲಿ ಸಿಕ್ಕ, ಐದು ಸಾವಿರ ವರ್ಷಗಳಿಗೂ ಹಿಂದಿನ ಮಡಕೆ ಚೂರುಗಳಲ್ಲಿ ಕೃಷಿಯ ಜೋಳದ ಗುರುತುಗಳಿವೆ. ಸುಲ್ತಾನರಿಗಿಂತ ಸಾವಿರಾರು ವರ್ಷ ಮೊದಲೇ ಅದು ಸಮುದ್ರ ದಾಟಿ ನಮ್ಮ ಎರೆಭೂಮಿಗೆ ಬಂದಿತು. ಸಜ್ಜೆ, ರಾಗಿ, ಅಲಸಂದಿ, ಹುಣಸೆ, ಇವುಗಳ ಮೂಲವೂ ಆಫ್ರಿಕಾ. ಗುರೆಳ್ಳಂತೂ ಇಥಿಯೋಪಿಯಾದ್ದೇ, ಸಸ್ಯಶಾಸ್ತ್ರಜ್ಞರು ಅದಕ್ಕಿಟ್ಟ ಹೆಸರಿನಲ್ಲಿಯೇ ‘ಅಬಿಸಿನಿಕಾ’ ಎಂದಿದೆ. ಅಲ್ಲಿಯ ಜನ ಇಂದಿಗೂ ಅದರ ಎಣ್ಣೆ ತೆಗೆದು ಅಡುಗೆಗೆ ಬಳಸುತ್ತಾರೆ. ಆ ಹುಡುಗ ಮಧ್ಯಾಹ್ನ ಗೋಡೆಯ ನೆರಳಿನಲ್ಲಿ ಕುಳಿತು ಉಣ್ಣುತ್ತಿದ್ದುದು ಜೋಳದ ರೊಟ್ಟಿ, ಗುರೆಳ್ಳು ಚಟ್ನಿ. ಅವನನ್ನು ಹಬಸಿ ಎಂದು ನಕ್ಕವರ ಬುತ್ತಿಯಲ್ಲಿದ್ದುದೂ ಅದೇ. ನನ್ನ ಡಬ್ಬಿಯಲ್ಲಿದ್ದುದೂ ಅದೇ.

ಇದೆಲ್ಲ ಮುಗಿದುಹೋದ ಇತಿಹಾಸವೂ ಅಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಭಾಗಗಳಲ್ಲಿ, ಬೆಳಗಾವಿ-ಧಾರವಾಡ ಜಿಲ್ಲೆಗಳ ಅಂಚಿನಲ್ಲಿ ಸಿದ್ದಿ ಜನಾಂಗದವರು ಬಾಳುತ್ತಿದ್ದಾರೆ. ಇವರ ಹಿರಿಯರಲ್ಲಿ ಹೆಚ್ಚಿನವರು ಪೋರ್ಚುಗೀಸರ ಗೋವೆಗೆ ಗುಲಾಮರಾಗಿ ಬಂದು, ತಪ್ಪಿಸಿಕೊಂಡು ಕಾಡು ಸೇರಿದವರು. ಉತ್ತರ ಕನ್ನಡದ ಸಿದ್ದಿಯರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದು 2003ರಲ್ಲಿ. 2020ರಲ್ಲಿ ಶಾಂತಾರಾಮ ಬುಡ್ನ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ನಮ್ಮ ರಾಜ್ಯದ ಶಾಸನಸಭೆಯನ್ನು ಪ್ರವೇಶಿಸಿದ ಮೊದಲ ಸಿದ್ದಿ ಅವರು. ಕನ್ನಡ, ಕೊಂಕಣಿ ಆಡುವ, ನಮ್ಮಂತೆಯೇ ಜಾತ್ರೆ-ಹಬ್ಬ ಮಾಡುವ ಈ ಕನ್ನಡಿಗರನ್ನು ಊರೂರಲ್ಲಿ ಇಂದಿಗೂ “ಯಾವ ದೇಶದವರು?” ಎಂದು ಕೇಳುವವರಿದ್ದಾರೆ.

ಊರಿಗೆ ಮರಳಿದ ಮೇಲೆ ಒಂದು ದಿನ ಒಬ್ಬನೇ ಇಬ್ರಾಹಿಂ ರೋಜಾಕ್ಕೆ ಹೋದೆ. ನೂರಾರು ಸಲ ಹೋದ ಜಾಗ. ಮಲಿಕ್ ಸಂದಲನ ಹೆಸರಿರುವ ಬರಹ ಎಲ್ಲಿದೆಯೆಂದು ಅಂದು ಮೊದಲ ಸಲ ವಿಚಾರಿಸಿ, ಹುಡುಕಿ, ಅದರ ಮುಂದೆ ನಿಂತೆ. ಪಾರಸಿ ಲಿಪಿ ನನಗೆ ಓದಲು ಬಾರದು. ಸುಮ್ಮನೆ ನಿಂತು ಬಂದೆ.

ನಿಮ್ಮಲ್ಲಿ ಈಗ ಹಲವರು ಶಿಕ್ಷಕರಾಗಿದ್ದೀರಿ. ನಿಮ್ಮ ತರಗತಿಯಲ್ಲಿಯೂ ಮೈಬಣ್ಣದ ಮೇಲೆ, ಕೂದಲಿನ ಮೇಲೆ ಅಡ್ಡಹೆಸರು ಇಟ್ಟುಕೊಂಡ ಒಂದು ಮಗು ಇದ್ದೇ ಇರುತ್ತದೆ. ಅದು ಎದ್ದು ನಿಂತು ಪ್ರಶ್ನೆ ಕೇಳಿದರೆ, ಉತ್ತರ ಗೊತ್ತಿದ್ದರೆ ಹೇಳಿ. ಗೊತ್ತಿಲ್ಲದಿದ್ದರೆ ನಾಳೆ ಹೇಳುತ್ತೇನೆ ಎನ್ನಿ. ನಗಬೇಡಿ. ನಿವೃತ್ತಿಯ ನಂತರ ನಾನು ಕೊಡುವ ಉಪದೇಶ ಇದೊಂದೇ.

ಆ ತರಗತಿಯಲ್ಲಿ ಕುಳಿತಿದ್ದವರು ಇದನ್ನು ಓದುತ್ತಿದ್ದರೆ, ಅವನು ಯಾರೆಂದು ನಿಮಗೆ ನೆನಪಾಗಿರುತ್ತದೆ. ಎಲ್ಲಿದ್ದಾನೆಂದು ಗೊತ್ತಿದ್ದರೆ ಅವನಿಗೆ ಇದನ್ನು ಓದಿ ಹೇಳಿ. ಅವನಿಗೂ ಈಗ ನಲವತ್ತೈದು ದಾಟಿರಬೇಕು. ಮಕ್ಕಳು ಶಾಲೆಗೆ ಹೋಗುತ್ತಿರಬಹುದು. ಅವನನ್ನು ಮನೆಗೆ ಬಾ ಎಂದು ಕರೆಯುವ ಮೊದಲು ನಾನೇ ಅವನ ಮನೆಗೆ ಹೋಗಬೇಕು ಎಂದು ನಮ್ಮ ಮನೆಯವರು ಹೇಳುತ್ತಾರೆ. ಅದೇ ಸರಿ. ವಿಳಾಸ ತಿಳಿಸಿ, ಹೋಗುತ್ತೇನೆ. ಅವನು ಒಪ್ಪಿದರೆ ಅವನನ್ನೂ ಅವನ ಮಕ್ಕಳನ್ನೂ ಇಬ್ರಾಹಿಂ ರೋಜಾಕ್ಕೆ ಕರೆದೊಯ್ದು, ಆ ಪಾಠವನ್ನು ಮೊದಲಿನಿಂದ ಮಾಡುತ್ತೇನೆ.